ತುಟಿಯಲ್ಲಿ ಕಚ್ಚಿದ ಗುಂಡುಸೂಜಿ

ಮಗಳನ್ನು ಡೇಕೇರಿಗೆ ಬಿಡುವ ಮಾತೆತ್ತಿದರೆ ಸಾಕು, ಹೊಲಿಗೆಯವಳ ಎದೆ ಡವಡವ ಎನ್ನುತ್ತಿತ್ತು. ಒಮ್ಮೆ ಹೋಗಿ ನೋಡಿಕೊಂಡು ಬಂದಿದ್ದಳು, ಭಯ ಅಂದಿನಿಂದಲೇ ಶುರು. ಅಲ್ಲಿ ಮೂಲೆಯಲ್ಲೊಂದು ಮಗು ಮೂಗು ಸೋರಿಸಿಕೊಂಡು ಅಳುತ್ತಿತ್ತು. ನೋಡಿಕೊಳ್ಳುವಾಕೆ ಇನ್ನೊಂದು ಮಗುವಿನ ಚಡ್ಡಿ ಬದಲಿಸುತ್ತ "ಬಂದೆ ಕಂದ, ಬಂದೆ" ಎನ್ನುತ್ತಿದ್ದಳೇ ಹೊರತು ಬರುತ್ತಿರಲಿಲ್ಲ. ಅಷ್ಟು ಸಾಕಾಯಿತು. ಇವಳು ಹೊಲಿಗೆ ಅಂಗಡಿಗೆ ಹೋಗುವುದನ್ನೇ ಬಿಟ್ಟು, ಕೋಟುಗಳನ್ನು ಮನೆಗೆ ತರಿಸಿಕೊಂಡು ಹೊಲಿಯತೊಡಗಿದಳು.

"ಇಡೀ ದಿನ ನನ್ನ ಕಣ್ಣೆದುರಿಗೇ ಇರ್ತಾಳೆ. ಇನ್ನೇನು ಬೇಕು?" ಎಂದಳು ಗಂಡನಿಗೆ.

ಗಂಡ ಬಸ್ಸು ಓಡಿಸುವವನು. "ಅವಳು ಕಣ್ಣೆದುರಿಗೆ ಇರ್ತಾಳೆ, ಸರಿ. ನಿನ್ನ ಕಣ್ಣು ಎಲ್ಲಿರುತ್ತೆ? ನನ್ನ ಬೆನ್ನ ಹಿಂದೆ ಬಸ್ ತುಂಬ ಜನ ಇರ್ತಾರೆ, ಒಬ್ಬರ ಮುಖಾನೂ ನಾನು ಕಂಡಿರಲ್ಲ" ಎಂದ. ಅವಳು ಹಿಡಿದ ಹಠ ಬಿಡುವವಳಲ್ಲ. ಅವನೂ ಹೆಚ್ಚು ಮಾತಾಡಿ ಊಟ ಕೆಡಿಸಿಕೊಳ್ಳುವವನಲ್ಲ.

ಒಂದು ಮಧ್ಯಾಹ್ನ ಆಳೆತ್ತರದ ಅಳತೆ ಬೊಂಬೆಗೆ ಕೋಟು ತೊಡಿಸಿ ಒಳಪದರದ ಬಟ್ಟೆ ಕೂಡಿಸುತ್ತಿದ್ದಳು. ಎರಡೂ ಕೈಗೆ ಕೆಲಸ. ಅವಳ ಕಸುಬಿನ ಎಷ್ಟೋ ಜನ ಮಾಡುವಂತೆ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಬೇಕೆಂದಾಗ ಒಂದೊಂದೇ ತೆಗೆದು ಚುಚ್ಚುತ್ತಿದ್ದಳು. ಜಾರಿ ಕೆಳಗೆ ಬಿದ್ದವನ್ನು ಆಮೇಲೆ ಹೆಕ್ಕಿದರಾಯಿತು ಎಂದು ಬಿಟ್ಟಿದ್ದಳು. ಮೇಜಿನಡಿ ಮಗಳು ಚಿಣ್ಣಿ ಚಿಂದಿಬಟ್ಟೆ ಹರವಿಕೊಂಡು ತೊದಲುತ್ತ ಗಲಾಟೆ ನಡೆಸಿದ್ದಳು. ಆಮೇಲೆ ಗಲಾಟೆ ನಿಂತಿತು. ಸದ್ಯ, ಮಹಾರಾಣಿ ಸುಮ್ಮನಾದಳಲ್ಲ, ಕೊರಳಪಟ್ಟಿಯೊಂದು ಮುಗಿಸಿಬಿಡೋಣ ಎಂದುಕೊಂಡಳು ತಾಯಿ. ಮುಗಿಸಿದಳು ಕೂಡ.

ಬಗ್ಗಿ ನೋಡಿದರೆ, ಚಿಣ್ಣಿ ಒಂದು ಚಿಂದಿಯನ್ನು ಮೇಜಿನ ಕಾಲಿಗೆ ಒತ್ತಿ ಹಿಡಿದು, ಥೇಟ್ ಅಮ್ಮನ ಹಾಗೆ ಹುಬ್ಬು ಗಂಟಿಕ್ಕಿ ಕೂತಿದ್ದಳು. ಅವಳ ತುಟಿಯ ನಡುವೆಯೂ ಗುಂಡುಸೂಜಿಗಳಿದ್ದವು.

ತಾಯಿ ಕಿರುಚಲಿಲ್ಲ. ಕಿರುಚಿದರೆ ಮಗು ಬೆಚ್ಚಿ ಉಸಿರೆಳೆದುಕೊಳ್ಳುತ್ತದೆ. ಕೈ ಹಾಕಿದರೆ ಆಟವೆಂದು ಬಾಯಿ ಮುಚ್ಚಿಕೊಳ್ಳುತ್ತದೆ. ಮೆಲ್ಲಗೆ ಮಗಳೆದುರು ಕೂತು, ತನ್ನ ತುಟಿಯಿಂದ ಒಂದು ಸೂಜಿ ತೆಗೆದು ನೆಲದ ಮೇಲಿಟ್ಟು ನಕ್ಕಳು. ಆ ನಗುವನ್ನು ಎಲ್ಲಿಂದ ತಂದಳೋ ದೇವರಿಗೇ ಗೊತ್ತು. ಚಿಣ್ಣಿ ನೋಡಿದಳು. ತಾನೂ ಒಂದು ತೆಗೆದು ಪಕ್ಕದಲ್ಲಿಟ್ಟಳು. ಅಮ್ಮ ಒಂದು, ಮಗಳು ಒಂದು. ಮಗಳ ತುಟಿಯಲ್ಲಿ ಇನ್ನೂ ಒಂದು ಉಳಿದಿರುವಾಗಲೇ ಅಮ್ಮನ ಬಾಯಿ ಬರಿದಾಯಿತು. ನೆಲದ ಮೇಲಿನದನ್ನೇ ಮತ್ತೆ ಕಚ್ಚಿ, ಮತ್ತೆ ತೆಗೆದಳು. ಚಿಣ್ಣಿಯ ಕೊನೆಯ ಸೂಜಿಯೂ ನೆಲಕ್ಕೆ ಬಂತು.

ಮಗಳ ಬಾಯೊಳಗೆ ಬೆರಳಾಡಿಸಿ ನೋಡಿ, ಅಷ್ಟಕ್ಕೂ ನಂಬದೆ ಆಸ್ಪತ್ರೆಗೆ ಓಡಿದಳು. ಎಕ್ಸರೇಯಲ್ಲಿ ಏನೂ ಕಾಣಲಿಲ್ಲ. "ಹೊಟ್ಟೆ ಹಿಡ್ಕೊಂಡು ಅಳ್ತಿದ್ಲು, ತೋರಿಸ್ಕೊಂಡು ಬಂದೆ" ಎಂದು ಗಂಡನಿಗೆ ಸುಳ್ಳು ಹೇಳಿದಳು. ಜೊತೆಗೇ, "ನಾಳೆಯಿಂದ ಡೇಕೇರಿಗೆ ಬಿಡ್ತೀನಿ."

"ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದ ಅವನು. ಅವಳಿಗೆ ನಗು ಬರಲಿಲ್ಲ. ಡೇಕೇರಿನ ಭಯ ಎಲ್ಲಿಗೂ ಹೋಗಿರಲಿಲ್ಲ. ಅದಕ್ಕಿಂತ ದೊಡ್ಡದೊಂದು ಮನೆಯಲ್ಲೇ ಕೂತಿತ್ತು, ಅಷ್ಟೇ.

ಬೆಳಿಗ್ಗೆ, ಕುತ್ತಿಗೆಗೆ ಜೋತುಬಿದ್ದ ಚಿಣ್ಣಿಯನ್ನು ಬಿಡಿಸಿ ನೋಡಿಕೊಳ್ಳುವಾಕೆಯ ಕೈಗೆ ಕೊಟ್ಟಳು. "ಹೊರಗೆ ಕೂತಿರಿ, ಸ್ವಲ್ಪ ಹೊತ್ತಿಗೆ ಸುಮ್ಮನಾಗ್ತಾಳೆ" ಎಂದು ಆಕೆ ಬಾಗಿಲು ಮುಂದೆ ಮಾಡಿದಳು. ಒಳಗಿಂದ ಅಳು ಮುಗಿಲು ಮುಟ್ಟುತ್ತಿತ್ತು. ಹೊಲಿಗೆಯವಳು ಬೆಂಚಿನ ಮೇಲೆ ಕಲ್ಲಾಗಿ ಕೂತಳು. ಅಳಲಿ. ಅಷ್ಟು ದೊಡ್ಡದಾಗಿ ಅಳುವ ಬಾಯಲ್ಲಿ ಏನೂ ಇರುವುದಿಲ್ಲ.

ಇದ್ದಕ್ಕಿದ್ದಂತೆ ಅಳು ನಿಂತಿತು.

ಅವಳು ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದಳು. ಚಿಣ್ಣಿ ನೋಡಿಕೊಳ್ಳುವಾಕೆಯ ತೊಡೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಕೆನ್ನೆ ಇನ್ನೂ ಒದ್ದೆಯಿತ್ತು.

"ಅಕ್ಕಾ, ಅವಳ ಬಾಯಿ ನೋಡಿ. ಮೊದಲು ಬಾಯಿ ನೋಡಿ."

ಆಕೆ ಏಕೆಂದು ಕೇಳಲಿಲ್ಲ. ಗಲ್ಲ ಹಿಡಿದು ಬಾಯಿ ತೆರೆಸಿ, ಬೆಳಕಿಗೆ ತಿರುಗಿಸಿ ನಾಲಿಗೆಯ ಅಡಿಯನ್ನೂ ನೋಡಿದಳು. "ಏನಿಲ್ಲ ತಾಯಿ. ಏನಿರುತ್ತೆ ಅಂದ್ಕೊಂಡ್ರಿ?"

"ಸೂಜಿ" ಎಂದಳು ಹೊಲಿಗೆಯವಳು. ಗಂಡನಿಗೂ ಹೇಳಿರದ ಮಾತು ಆ ಅಪರಿಚಿತಳ ಮುಂದೆ ತಡೆಯದೆ ಹೊರಬಂತು. "ನನ್ನ ಕಾಲಡೀಲೇ ಕೂತಿದ್ಲು ಅಕ್ಕ. ನನ್ನನ್ನ ನೋಡೇ ಕಲಿತಿದ್ಲು."