ಮುಖ ನೋಡಿ ಕರೆಯುವ ಹೆಸರು

ಹಸಿರು ಗೆರೆ ನಿಂತೇಬಿಟ್ಟಿತೇ, ಇಲ್ಲ, ತೆವಳುತ್ತಿದೆ, ಕಣ್ಣು ಆಚೀಚೆ ಹೋದರೆ ಎಲ್ಲಿ ನಿಂತುಬಿಡುತ್ತದೋ ಎಂದು ನಾನೂ ರೆಪ್ಪೆ ಬಡಿಯದೆ ಕೂತಿದ್ದೇನೆ, ಮಹಡಿ ಮನೆಯ ಚೈತ್ರಳ ಲ್ಯಾಪ್‌ಟಾಪು ಅವಳ ಹಾಸಿಗೆಯ ಮೇಲೆ, ನಾನು ನೆಲದ ಮೇಲೆ, ಬಚ್ಚಲಲ್ಲಿ ಅವಳು ನೀರು ಸುರಿದುಕೊಳ್ಳುವ ಸದ್ದು, ಆಂಟಿ ಏನೂ ಮುಟ್ಬೇಡಿ, ಪೆನ್ ಡ್ರೈವ್ ಅದ್ರ ಪಾಡಿಗೆ ಅದು ತುಂಬ್ಕೊಳ್ಳುತ್ತೆ, ಕ್ಯಾಬ್ ಬರೋಷ್ಟ್ರಲ್ಲಿ ಆಗುತ್ತೆ — ಆಗಬೇಕಲ್ಲ ತಾಯಿ, ಕ್ಯಾಬು ಬಂದರೆ ಲ್ಯಾಪ್‌ಟಾಪು ನಿನ್ನ ಜೊತೆ ಆಫೀಸಿಗೆ ಹೊರಟುಹೋಗುತ್ತದೆ, ಬಾಡಿಗೆಗಿರುವ ಹುಡುಗಿಯನ್ನು ಆಫೀಸಿಗೆ ಹೋಗಬೇಡ ಎನ್ನಲು ನಾನ್ಯಾರು, ಆಮೇಲೆ ನನಗೆ ಉಳಿಯುವುದು ಕೆಳಗಿನ ಮನೆಯಲ್ಲಿ ಸತ್ತು ಕೂತಿರುವ ಹಳೇ ಕಂಪ್ಯೂಟರ್ ಸಿಸ್ಟಮ್ಮೊಂದೇ, ನನ್ನ ಮಗಳು ಹರ್ಷಿತಾಳದು, ಹನ್ನೊಂದಕ್ಕೆ ಆರ್.ಟಿ. ನಗರದಲ್ಲಿ ಅವಳ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ, ಕಿವೀಲಿ ಹೆಸರು ನೀನೇ ಕರೀಬೇಕಮ್ಮ, ನೀನು ಕರೆಯೋವರೆಗೂ ಯಾರೂ ಕರೆಯಲ್ಲ ಅಂದಿದ್ದಾಳೆ. ಕರೆಯುವುದೇನೋ ಫೋನಿನಲ್ಲೂ ಕರೆಯಬಹುದು. ಆದರೆ ನಮ್ಮಲ್ಲಿ ಮುಖ ನೋಡದೆ ಹೆಸರಿಡುವಂತಿಲ್ಲ, ಹೋದ ಹಿರಿಯರಲ್ಲಿ ಯಾರು ತಿರುಗಿ ಬಂದಿದ್ದಾರೆ ಎಂದು ಮುಖ ನೋಡಿ ಗುರುತು ಹಿಡಿಯಬೇಕು, ಅವರ ಹೆಸರನ್ನೇ ಕಿವಿಯಲ್ಲಿ ಕರೆಯಬೇಕು, ಆಮೇಲೆ ಸ್ಕೂಲಿಗೆ ಏನು ಬೇಕಾದರೂ ಬರೆಸಿಕೊಳ್ಳಲಿ, ಅದು ಅವರಿಷ್ಟ — ನನ್ನದು ಬಟನ್ ಫೋನು, ಅದರಲ್ಲಿ ಮುಖ ಬರುವುದಿಲ್ಲ, ಮುಖ ಬರುವ ದೊಡ್ಡ ಫೋನು ಯಜಮಾನರ ಜೇಬಿನಲ್ಲಿದೆ, ಯಜಮಾನರು ಇಲ್ಲೇ ಸಿಂಗಾಪುರ ಲೇಔಟಿನಲ್ಲಿ ಕಟ್ಟುತ್ತಿರುವ ಬಿಲ್ಡಿಂಗಿನಲ್ಲಿದ್ದಾರೆ, ಇವತ್ತು ಅಲ್ಲಿ ಮೌಲ್ಡು, ಕಾಂಕ್ರೀಟು ಸುರಿಯಲು ಶುರುಮಾಡಿದರೆ ಮುಗಿಯುವ ತನಕ ಜಾಗ ಬಿಟ್ಟು ಕದಲುವ ಆಸಾಮಿ ಅಲ್ಲ ಅದು, ದೇವರು ನನಗಾಗಿ ಎತ್ತಿಟ್ಟ ದಿನ ಇದು.

ಇನ್ನೂ ಅರ್ಧಕ್ಕೂ ಬಂದಿಲ್ಲ. ನಿನ್ನೆ ಸಂಜೆ ಸಿಸ್ಟಮ್ಮು ಹಾಕಿ ನೋಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಬಿಳೀ ಅಕ್ಷರ, ಒಂದು ಗೀಟು ಮಿಣುಕ್ ಮಿಣುಕ್, ಚೈತ್ರ ಬಂದು ನೋಡಿ ವಿಂಡೋಸ್ ಹೋಗ್ಬಿಟ್ಟಿದೆ ಆಂಟಿ ಎಂದಳು, ಬೇರೆ ಓಎಸ್ ಹಾಕಣ, ಫ್ರೀಯಾಗೇ ಸಿಗುತ್ತೆ, ಇಳಿಸ್ಕೊಂಡು ಪೆನ್ ಡ್ರೈವ್‌ಗೆ ಹಾಕಿದ್ರಾಯ್ತು ಎಂದು ಇಳಿಸಿ, ಆ ಫೈಲನ್ನು ಹಾಗೇ ಎತ್ತಿ ಪೆನ್ ಡ್ರೈವಿಗೆ ಹಾಕಿ ಬೆಳಿಗ್ಗೆ ತಂದು ಚುಚ್ಚಿದಳು, ಸಿಸ್ಟಮ್ಮು ಕ್ಯಾರೇ ಎನ್ನಲಿಲ್ಲ. ಅಯ್ಯೋ ಬೂಟಬಲ್ ಮಾಡ್ಬೇಕಿತ್ತು ಆಂಟಿ, ಮರ್ತೇಹೋಯ್ತು, ಸುಮ್ನೆ ಫೈಲ್ ಹಾಕಿದ್ರೆ ಅದು ಏಳಲ್ಲ — ನನಗೆ ಅಷ್ಟು ಸಾಕು ಅರ್ಥವಾಗಲು, ಡಬ್ಬಿಯಲ್ಲಿ ರಾಗಿ ಹಿಟ್ಟಿದ್ದ ಮಾತ್ರಕ್ಕೆ ಮುದ್ದೆ ಉಂಡಂತಾಯಿತೇ, ನೀರು ಕುದಿಯಬೇಕು, ಕೋಲು ಹಾಕಿ ತಿರುವಬೇಕು, ಅದನ್ನೇ ಈಗ ಈ ಲ್ಯಾಪ್‌ಟಾಪು ಮಾಡುತ್ತಿದೆ. ಶುರು ಮಾಡುವ ಮೊದಲು ಅದೊಂದು ಮಾತು ಕೇಳಿತು, ಪೆನ್ ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು, ಹಳೇ ಪಿಕ್ಚರ್‌ಗಳು ಹೋಗ್ಲಿ ಬಿಡಿ ಎಂದು ಚೈತ್ರ ಟಕ್ಕನೆ ಒತ್ತಿದಳು, ನಮ್ಮನೆಯಲ್ಲೂ ಒಬ್ಬರು ಹಾಗೇ ಒತ್ತಿದ್ದರು, ಎರಡು ವರ್ಷದ ಹಿಂದೆ, ಹರ್ಷಿತಾ ತಾನೇ ಮೆಚ್ಚಿ ಮದುವೆಯಾದಾಗ, ನಡುಮನೆಯಲ್ಲಿ ನಿಂತುಕೊಂಡು, ಅವ್ಳು ನನ್ ಪಾಲಿಗಿಲ್ಲ, ಎಸರು ಎತ್ಬೇಡ ಈ ಮನೇಲಿ, ಅವ್ರ ಮನೆ ಒಸ್ಲು ತುಳಿಯಲ್ಲ ಅಂತ ನನ್ ತಲೆ ಮುಟ್ಟಿ ಆಣೆ ಇಕ್ಕು ದ್ರೌಪದಿ, ಇಲ್ಲಾಂದ್ರೆ ನಾನ್ ಉಳಿಯಲ್ಲ ಕಣೇ — ಇಟ್ಟೆ, ಗಂಡನ ತಲೆ, ಏನು ಮಾಡಲಿ. ಹೆಬ್ಬಾಳದ ಫ್ಲೈಓವರ್ ಇಳಿದರೆ ಮಗಳ ಮನೆ, ಆಟೋದವನು ಮೀಟರ್ ಹಾಕಲೂ ಬೇಜಾರುಪಡುವಷ್ಟು ಹತ್ತಿರ, ಆದರೂ ನಾನು ಅವಳಿಗೆ ಒಂದು ಲೋಟ ಮೆಣಸಿನ ಸಾರು ಕೊಡಲಿಲ್ಲ, ಚೊಚ್ಚಲ ಬಾಣಂತನ, ಅವಳಿಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯಬೇಕಾದ ಕೈ ಇದು, ಇಲ್ಲಿ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಮಡಿಲಲ್ಲಿ ಬಿದ್ದಿದೆ. ಹೊಸಿಲು ತುಳಿಯುವುದಿಲ್ಲ ಎಂದು ತಾನೇ ನಾನು ಆಣೆ ಇಟ್ಟಿದ್ದು, ನೋಡುವುದಿಲ್ಲ ಎಂದಲ್ಲವಲ್ಲ.

ಈ ಸಿಸ್ಟಮ್ಮಿಗೆ ಆಗೆಲ್ಲ ಪದೇ ಪದೇ ವೈರಸ್ ಬರುತ್ತಿತ್ತು, ಮಗುವಿಗೆ ನೆಗಡಿ ಬಂದಂತೆ, ಒಂದು ತಿಂಗಳು ನೆಟ್ಟಗಿದ್ದರೆ ಹೆಚ್ಚು, ಸಹಕಾರನಗರದ ಅಂಗಡಿಯಿಂದ ವಾಜಿದ್ ಬರುವನು, ಹೆಗಲ ಚೀಲದ ತುಂಬ ಸಿ.ಡಿ., ಮೊದಲ ಸಲ ಗಾಡಿಯಲ್ಲಿ ಕೂರಿಸಿಕೊಂಡು ಬಂದವರು ಯಜಮಾನರೇ, ಒಳ್ಳೆ ಉಡ್ಗ ಕಣೇ, ಕಾಪಿ ಕೊಡು ಅವ್ನಿಗೆ, ಕೊಟ್ಟೆ, ಪ್ರತಿ ಸಲವೂ ಕೊಟ್ಟೆ, ಕೋಡುಬಳೆಯನ್ನೂ ಕೊಟ್ಟೆ. ಸಿ.ಡಿ. ಹಾಕಿ ವಿಂಡೋಸ್ ತುಂಬುವಷ್ಟು ಹೊತ್ತು ಅವನು ಒಂದು ಕುರ್ಚಿ, ಇವಳು ಒಂದು ಕುರ್ಚಿ, ಅಡುಗೆಮನೆಯಿಂದ ಇಣುಕಿದರೆ ಇಬ್ಬರೂ ಪರದೆಯ ಗೆರೆ ನೋಡುತ್ತಿದ್ದಾರೆ, ಮಾತಿಲ್ಲ, ನಗುವಿಲ್ಲ, ಸಂಭಾವಿತರು, ಗೆರೆಯಲ್ಲಿ ಅಂಥದ್ದೇನಿದೆಯಪ್ಪಾ ನೋಡುವುದಕ್ಕೆ ಎಂದುಕೊಂಡಿದ್ದೆ, ಎಂಥ ಪೆದ್ದಿ ನಾನು, ವೈರಸ್ಸು ಎಲ್ಲಿಂದ ಬರುತ್ತಿತ್ತೋ ಈಗ ಗೊತ್ತು, ನಾನೇ ಹಾಕ್ಕೋತಿದ್ದೆ ಕಣಮ್ಮ ಎಂದು ಮೊನ್ನೆ ಫೋನಿನಲ್ಲಿ ನಗುತ್ತಾ ಹೇಳಿದಳು ಕಳ್ಳಿ, ನಾನೂ ನಕ್ಕೆ, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಹಿಂದೆ ಗಾಳಿ ಸದ್ದು ಕೇಳಿಸಿತು, ಫ್ಯಾನ್ ಹಾಕಿದ್ದೀಯೇನೇ, ಬಾಣಂತಿ, ಕಿವಿಗೆ ಹತ್ತಿ ಇಟ್ಟಿದ್ದೀಯಾ, ತಲೆಗೆ ಬಟ್ಟೆ ಕಟ್ಟಿದ್ದೀಯಾ, ಕಟ್ಟಿದ್ದೀನಮ್ಮ, ಅಮ್ಮೀನೂ ಬಿಡಲ್ಲ, ನಿನ್ ಥರಾನೇ ಬೈತಾರೆ — ವಾಜಿದನ ತಾಯಿಗೆ ಇವಳು ಅಮ್ಮೀ ಎನ್ನುತ್ತಾಳೆ, ಅನ್ನಲಿ, ಅನ್ನಬೇಕು, ಆಕೆ ಇಲ್ಲದಿದ್ದರೆ ನನ್ನ ಮಗಳ ಗತಿ ಏನಿತ್ತು, ಇಷ್ಟೆಲ್ಲ ಗೊತ್ತಿದ್ದೂ ಆ ಮಾತು ಕೇಳಿದಾಗಿನಿಂದ ನನಗೆ ಹೊಟ್ಟೆಕಿಚ್ಚು, ಮುಚ್ಚಿಟ್ಟುಕೊಂಡು ಏನು ಪ್ರಯೋಜನ, ಒಳ್ಳೆಯ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು.

ಆಯ್ತಾ ಆಂಟಿ, ಅರೇ, ಆಗೇಹೋಗಿದೆ ನೋಡಿ, ಚೈತ್ರ ಒದ್ದೆ ತಲೆಯಲ್ಲೇ ಬಂದು ಪೆನ್ ಡ್ರೈವ್ ಕಿತ್ತು ನನ್ನ ಅಂಗೈಗಿಟ್ಟಳು, ಇನ್ನೂ ಬೆಚ್ಚಗಿದೆ, ಕೆಳಗೆ ಕ್ಯಾಬಿನವನ ಹಾರ್ನು, ಇಂಟರ್‌ನೆಟ್ ವಯರ್ ಕಿಟಕಿಯಿಂದ ಇಳಿಬಿಟ್ಟಿದ್ದೀನಿ, ಸಿಸ್ಟಮ್ ಹಿಂದ್ಗಡೆ ಚುಚ್ಚಿ, ಆಲ್ ದಿ ಬೆಸ್ಟ್ ಆಂಟಿ, ಪಾಪುಗೆ ಮುತ್ತು ಕೊಡಿ — ಎಲ್ಲಿ ಕೊಡಲಿ, ಗಾಜಿಗೆ ಕೊಡಬೇಕು. ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಂಡಿತು, ಪೆನ್ ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಇಳಿದೆ, ಹರ್ಷಿತಾಳ ಕೋಣೆ, ಬಾಗಿಲು ತೆಗೆದರೆ ಮುಗ್ಗಲು, ಸಿಸ್ಟಮ್ಮಿನ ಮುಂದೆ ಕೂತು ಫೋನನ್ನು ಕಿವಿಗೂ ಭುಜಕ್ಕೂ ಸಿಗಿಸಿಕೊಂಡೆ, ಮುಂದ್ಗಡೆ ತೂತಿದೆಯಲ್ಲಮ್ಮ ಅದಕ್ಕೆ ಹಾಕು ಎಂದಳು ಹರ್ಷಿತಾ, ಹಾಕಿದರೆ ಹೋಗುತ್ತಿಲ್ಲ, ಒತ್ತಿದರೂ ಹೋಗುತ್ತಿಲ್ಲ, ಬಗ್ಗಿ ನೋಡಿದೆ, ತೂತಿನೊಳಗೆ ಕೆಂಪು, ಗಂಧದ ಜೊತೆ ಕಲೆತು ಗಾರೆಯಂತೆ ಗಟ್ಟಿಯಾದ ಕುಂಕುಮ. ಆಯುಧಪೂಜೆಯದು. ಗಾರೆ ಕೆಲಸದ ಕರಣೆಗೆ ಇಡುತ್ತಾರೆ, ಗಾಡಿಗೆ ಇಡುತ್ತಾರೆ, ಬೋರ್‌ವೆಲ್ ಮೋಟಾರಿಗೆ ಇಡುತ್ತಾರೆ, ಆಮೇಲೆ ಯಾರೂ ನೋಡುತ್ತಿಲ್ಲ ಎಂದುಕೊಂಡು ಈ ಕೋಣೆಗೆ ಬಂದು ಈ ಸತ್ತ ಡಬ್ಬಕ್ಕೂ ಇಡುತ್ತಾರೆ, ಮಗಳ ಹೆಸರು ಎತ್ತಬಾರದು ಎಂದವರು, ಸೇವಂತಿಗೆಯನ್ನೂ ಇಡುತ್ತಾರೆ, ನಾನು ಮಾರನೇ ದಿನ ಬಾಡಿದ ಹೂವು ತೆಗೆಯುತ್ತೇನೆ, ಇಬ್ಬರೂ ಆ ಮಾತು ಆಡುವುದಿಲ್ಲ. ಏನಾಯ್ತಮ್ಮ, ಏನಿಲ್ಲ ಕಣೇ, ನಿಮ್ಮಪ್ಪನ ಕುಂಕುಮ ತುಂಬ್ಕೊಂಡಿದೆ ಎಂದೆ, ಅದು ಹಾಗೇ ಇರ್ಲಿ, ಹಿಂದ್ಗಡೆ ಹಾಕಮ್ಮ, ಅಲ್ಲೂ ಇದೆ ತೂತು ಎಂದಳು.

ಸ್ವಿಚ್ ಹಾಕಿದ ತಕ್ಷಣ ಎಫ್ ಹನ್ನೆರಡು ಒತ್ತು, ಒತ್ತುತ್ತಲೇ ಇರು, ಒತ್ತಿದೆ, ಬಾಗಿಲು ತೆಗೆಯದವರ ಮನೆಯ ಬೆಲ್ಲು ಒತ್ತಿದಂತೆ ಒತ್ತಿದೆ, ಪಟ್ಟಿ ಬಂತು, ಬಾಣದ ಬಟನ್ನಿನಿಂದ ಇಳಿದು ಪೆನ್ ಡ್ರೈವಿನ ಹೆಸರಿನ ಮೇಲೆ ನಿಂತು ಎಂಟರ್, ಕಪ್ಪು, ಕಪ್ಪು, ಕಪ್ಪು — ಹೋಯಿತಲ್ಲಪ್ಪಾ ಎನ್ನುವಷ್ಟರಲ್ಲಿ ನೇರಳೆ ಬಣ್ಣ ಎದ್ದಿತು, ಎದ್ದಿತು ಕಣೇ, ಎದ್ದಿತು, ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಎರಡು ಬರುತ್ತಮ್ಮ, ಟ್ರೈ ಅಂತೊಂದು ಇನ್‌ಸ್ಟಾಲ್ ಅಂತೊಂದು, ಇನ್‌ಸ್ಟಾಲ್ ಮುಟ್ಬೇಡ, ಅದಾದ್ರೆ ಸಿಸ್ಟಮ್ಮಲ್ಲೇ ಕೂತ್ಬಿಡುತ್ತೆ, ಟ್ರೈ ಒತ್ತು, ಎಲ್ಲಾ ಪೆನ್ ಡ್ರೈವಲ್ಲೇ ನಡಿಯುತ್ತೆ, ಕಿತ್ರೆ ಏನೂ ಉಳಿಯಲ್ಲ, ಅಪ್ಪ ಬರೋ ಮುಂಚೆ ಕಿತ್ತು ಮೇಲ್ಗಡೆ ಕೊಟ್ಬಿಡು, ಗೊತ್ತೇ ಆಗಲ್ಲ. ಸರಿ ಎಂದೆ. ಅವಳು ವಿಡಿಯೋ ಕಾಲಿನ ವಿಳಾಸದ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿದಳು, ನಾನು ಒಂದೊಂದನ್ನೇ ಹುಡುಕಿ ಕುಟ್ಟಿದೆ, ಏಳನೇ ಕ್ಲಾಸು ಓದಿದ್ದು ಇವತ್ತು ಕೆಲಸಕ್ಕೆ ಬಂತು, ಕುಟ್ಟುತ್ತಾ ಮನಸ್ಸಿನಲ್ಲಿ ಒಂದೇ ಬೇಡಿಕೆ, ನಮ್ಮಮ್ಮನಾಗಿರಲಿ, ಮುನಿವೆಂಕಟಮ್ಮನಾಗಿರಲಿ, ದೊಡ್ಡ ಕಣ್ಣು, ಅಗಲ ಬಾಯಿ, ಕೆಂಪಾಪುರದ ಕೆರೆ ಬಯಲಲ್ಲಿ ಕೊತ್ತಂಬರಿ ಕಿತ್ತು ಕಿತ್ತು ಯಾವಾಗಲೂ ಬೆರಳಲ್ಲಿ ಅದೇ ವಾಸನೆ, ನನ್ನ ಬಾಣಂತನ ಮಾಡಿದವಳು, ಬಾರಮ್ಮ, ನನ್ನ ಮಗಳ ಮಡಿಲಿಗೆ ನೀನೇ ಬಂದಿರು.

ಬಂತು. ಮೊದಲು ಹರ್ಷಿತಾ ಬಂದಳು, ಸೊರಗಿದ್ದಾಳೆ, ಕತ್ತಿನ ಮೂಳೆ ಕಾಣುತ್ತದೆ, ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟಿದೆ, ಕಿವಿ ಪೂರ್ತಿ ಮುಚ್ಚುವಂತೆ, ನಾನು ಕಟ್ಟಿದ್ದರೂ ಹಾಗೇ ಕಟ್ಟುತ್ತಿದ್ದೆ, ಅಮ್ಮಾ ಕಾಣ್ತಿದೀನಾ — ಪರದೆಯಲ್ಲಿ ಬಾಯಿ ಆಡುವುದು ಆಮೇಲೆ, ಫೋನಿನಲ್ಲಿ ಮಾತು ಮೊದಲು, ಕಾಣ್ತಿದೀಯ ಕಣೇ, ಬಾಚಿದ ಜಡೆ ಕಾಣಲ್ಲ ಅಷ್ಟೇ, ಊಟ ಮಾಡ್ತಿದೀಯಾ, ಆಮೇಲೆ ಬೈಯಮ್ಮ, ಮೊದ್ಲು ನೋಡು, ಪಕ್ಕದಿಂದ ಹಸಿರು ಬಳೆಯ ಎರಡು ಕೈ ಕೂಸನ್ನು ತಂದು ಕ್ಯಾಮೆರಾದ ಮುಂದೆ ಹಿಡಿದವು, ವಾಜಿದನ ತಾಯಿಯ ಕೈ, ಕತ್ತಿನ ಕೆಳಗೆ ಅಂಗೈ ಕೊಟ್ಟು ಎಷ್ಟು ಹದವಾಗಿ ಹಿಡಿದಿದ್ದಾರೆ, ಎಳೇ ಮಕ್ಕಳನ್ನು ಎತ್ತಿ ಪಳಗಿದ ಕೈ, ನಾನು ಪರದೆಗೆ ಮೂಗು ತಾಗುವಷ್ಟು ಬಗ್ಗಿದೆ. ಸಣ್ಣ ಕಣ್ಣು. ಪುಟ್ಟ ಬಾಯಿ. ನಮ್ಮಮ್ಮ ಅಲ್ಲ. ಒಂದು ಚೂರೂ ನಮ್ಮಮ್ಮ ಅಲ್ಲ, ಆಸೆ ಜರ್ರನೆ ಇಳಿದುಹೋಯಿತು, ಹಾಗಾದರೆ ಯಾರಮ್ಮ ನೀನು ಎಂದುಕೊಳ್ಳುವಾಗ ಬೆಳಕಿಗೋ ಏನೋ ಕೂಸು ಹಣೆ ಗಂಟಿಕ್ಕಿತು, ಹುಬ್ಬಿನ ನಡುವೆ ಎರಡು ಗೆರೆ ನೆಟ್ಟಗೆ ಎದ್ದವು, ಬಲಗಡೆಯದು ಉದ್ದ, ಎಡಗಡೆಯದು ಗಿಡ್ಡ, ಅಯ್ಯೋ ದೇವರೇ, ನಮ್ಮತ್ತೆ! ಅಂಜಿನಮ್ಮ! ಸಾರಿಗೆ ಉಪ್ಪು ಸಾಲದು ಎಂದು ಹೇಳುವಾಗ ಹೀಗೇ, ಸೊಸೆ ತವರಿಗೆ ಹೊರಟರೆ ಹೀಗೇ, ಸಾಯುವಾಗ ನನ್ನ ಕೈ ಹಿಡಿದುಕೊಂಡಾಗಲೂ ಹೀಗೇ, ಅಮ್ಮ ಬರಲಿ ಎಂದು ಬಾಗಿಲು ಕಾದರೆ ಅತ್ತೆ ಬಂದು ಕೂತಿದ್ದಾಳೆ, ಆರ್.ಟಿ. ನಗರದಲ್ಲಿ, ವಾಜಿದನ ಮನೆಯಲ್ಲಿ, ನನಗೆ ನಗು ಬಂತು, ಅಳುವೂ ಬಂತು, ಯಾರಮ್ಮ, ಯಾರ್ ಬಂದಿದಾರೆ ಎಂದು ಹರ್ಷಿತಾ ಕೇಳುತ್ತಿದ್ದಾಳೆ, ನಿಮ್ಮಪ್ಪನ ಅಮ್ಮ ಕಣೇ, ಫೋನು ಕಿವಿಗೆ ಹಿಡಿ, ಬಲಗಿವಿಗೆ, ಅಂಜಿನಮ್ಮ, ಅಂಜಿನಮ್ಮ, ಅಂಜಿನಮ್ಮ, ಕರೆದೆ, ಬೈಸಿಕೊಂಡಿದ್ದನ್ನೆಲ್ಲ ಮರೆತು ಬಾಯಿ ತುಂಬ ಕರೆದೆ, ಪರದೆಯಲ್ಲಿ ನನ್ನ ಮಾತು ಇನ್ನೂ ತಲುಪಿಲ್ಲ, ಫೋನು ಇನ್ನೂ ಕೂಸಿನ ಕಿವಿಯ ಹತ್ತಿರ ಬರುತ್ತಿದೆ, ಬಂತು, ತಾಗಿತು, ಕೂಸು ಹಣೆ ಗಂಟಿಕ್ಕಿ ಈ ಕಡೆಗೆ ತಿರುಗಿತು — ನಿಂತಿತು.

ಚಿತ್ರ ನಿಂತಿತು. ಅಮ್ಮಾ ಕಟ್ಟಾಯ್ತು, ನೆಟ್ ಹೋಯ್ತು ಅನ್ಸುತ್ತೆ, ಪರ್ವಾಗಿಲ್ಲ ಬಿಡು, ಕೇಳಿಸ್ಕೊಂಡ್ಳು, ತಿರುಗಿದ್ಳು, ಈಗ ಪೆನ್ ಡ್ರೈವ್ ಕಿತ್ತಿಡು, ಮರೀಬೇಡ, ಹಿಂದೆ ಹೆಂಗಸರ ನಗು, ತಟ್ಟೆಯ ಸದ್ದು, ಆಮೇಲೆ ಮಾಡ್ತೀನಮ್ಮ, ಫೋನು ಮುಗಿಯಿತು, ಕೈ ಸಿಸ್ಟಮ್ಮಿನ ಹಿಂದಕ್ಕೆ ಹೋಗಿದೆ, ಬೆರಳಿಗೆ ಪೆನ್ ಡ್ರೈವ್ ಸಿಕ್ಕಿದೆ, ಬೆಚ್ಚಗಿದೆ, ಎಳೆದರೆ ಸಾಕು, ಕಪ್ಪಾಗುತ್ತದೆ, ಏನೂ ಉಳಿಯುವುದಿಲ್ಲ, ಸಂಜೆ ಅವರು ಸಿಮೆಂಟಿನ ಕಾಲಲ್ಲಿ ಬರುತ್ತಾರೆ, ಕೈಕಾಲು ತೊಳೆಯುತ್ತಾರೆ, ಕೋಣೆಯ ಬಾಗಿಲು ಮುಚ್ಚಿರುತ್ತದೆ, ಏನು ವಿಶೇಷ ಎನ್ನುತ್ತಾರೆ, ಏನಿಲ್ಲ ಎನ್ನುತ್ತೇನೆ, ಅವರಮ್ಮ ಹೋದ ದಿನ ಇದೇ ನಡುಮನೆಯಲ್ಲಿ ಗಂಡಸಾಗಿ ಮುಖ ಮುಚ್ಚಿಕೊಂಡು ಹೇಗೆ ಅತ್ತರು, ಇನ್ ಯಾರೇ ನನ್ನ ಬೈಯೋರು ಎಂದು, ಇನ್ನು ಯಾರು ಬೈಯುವವರು — ಎಳೆಯಬೇಕು, ಎಳೆಯುತ್ತೇನೆ, ಬೆರಳಿಗೆ ಹೇಳುತ್ತಿದ್ದೇನೆ, ಕರೆಂಟು ಮಾತ್ರ ಹೋಗದಿರಲಿ ತಾಯಿ, ಬೆರಳು ಬಿಟ್ಟಿದೆ, ಕೋಣೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಕೂತಿದ್ದೇನೆ, ಅವರು ನಡುಮನೆಯಿಂದ ನೋಡಿದರೂ ಕಾಣುತ್ತದೆ, ಪರದೆಯ ತುಂಬ ಕಾಣುತ್ತದೆ, ಹುಬ್ಬಿನ ನಡುವೆ ಎರಡು ಗೆರೆ, ಬಲಗಡೆಯದು ಉದ್ದ, ಎಡಗಡೆಯದು ಗಿಡ್ಡ, ಎರಡು ಗೆರೆ