ಶ್ರೀ ಇಲ್ಲದವಳು

ಮೊಳಕಾಲ್ಮೂರಿನ ನೇಕಾರರ ಸಂಘಕ್ಕೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತು. ಪುಷ್ಪಲತಾಳ ನೆಮ್ಮದಿ ಹೋಗಿಯೂ ಅಷ್ಟೇ ಆಗಿತ್ತು. ತೊಂಬತ್ತೊಂಬತ್ತನೇ ಇಸವಿಯ ಮಾತು. ಚಳ್ಳಕೆರೆಗೆ ದಿನಾ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತವಳು. ಸಂಘದಲ್ಲಿ ಅದನ್ನು ನಡೆಸುವ ಕೆಲಸ ಸಿಕ್ಕಿತ್ತು, ಅದೂ ತಾತ್ಕಾಲಿಕ. ಸೋಮವಾರ ರೇಷ್ಮೆ ನೂಲು ಒಯ್ಯಲು ಬಂದವರ ಹೆಸರು ಒತ್ತಿದರೆ ಆ ಕಂಪ್ಯೂಟರ್ ಮಹರಾಯ ಆರು ನಿಮಿಷ ಗುಂಯ್‌ಗುಡುತ್ತಿದ್ದ. ಈ ಸೋಮವಾರವೂ ಸಾಲು ಬೀದಿಗೆ ಬಂದಿತ್ತು.

"ಇವತ್ತೊಂದಿನ ನೋಡ್ತೀನಿ," ಎಂದರು ಅಧ್ಯಕ್ಷ ಉಗ್ರಪ್ಪ. "ಸಾಲು ಕರಗ್ಲಿಲ್ಲ ಅಂದ್ರೆ ನಾಳೆಯಿಂದ ಹಳೇ ರಿಜಿಸ್ಟರು. ನೀನೂ ಮನೇಲಿರಬೋದು ಕಣಮ್ಮ."

ಪುಷ್ಪಲತಾಳಿಗೆ ಅಳು ಬಂತು. ಸಾಲಿನ ಮುಂದಿದ್ದ ನೇಕಾರಗಿತ್ತಿ ದುರುಗಕ್ಕ ಎಲೆ ಅಡಿಕೆ ಅಗಿಯುತ್ತಾ ಕೇಳಿದಳು, "ಇಷ್ಟೊತ್ತಿಗೆ ಎರಡು ಬೆರಳಗಲ ಸೀರೆ ನೇಯ್ತಿದ್ದೆ ಕಣೇ. ನಿನ್ನ ಹೆಸರಾದ್ರೂ ಗೊತ್ತೈತಾ ಅದಕ್ಕೆ?"

ನೌಕರರ ಹೆಸರೂ ಅದೇ ಪಟ್ಟಿಯಲ್ಲಿತ್ತು. ಸಿಟ್ಟಿಗೆ ತನ್ನ ಹೆಸರನ್ನೇ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ 'ಪುಷ್ಪಲತಾ, ತಾತ್ಕಾಲಿಕ' ಎಂದು ಪರದೆಯ ಮೇಲೆ ಬಂತು.

ಇದೆಂಥ ಪಕ್ಷಪಾತ! ದಿಟ್ಟಿಸಿ ನೋಡಿದಳು, ಹೊಳೆಯಿತು. ಕಂಪ್ಯೂಟರ್ ಮೊದಲ ಅಕ್ಷರ ನೋಡಿ ಆ ಗುಂಪಿಗೆ ಜಿಗಿಯುತ್ತದೆ, ಆಮೇಲೆ ಗುಂಪಿನೊಳಗೆ ಒಂದೊಂದೇ ಹೆಸರು ತಡವುತ್ತದೆ. ಉಗ್ರಪ್ಪನವರೋ, ಮರ್ಯಾದೆ ಬಿಡಬಾರದೆಂದು ನೇಕಾರರಿಗೆಲ್ಲ ಶ್ರೀ, ಶ್ರೀಮತಿ ಹಚ್ಚಿಯೇ ಹೆಸರು ತುಂಬಿಸಿದ್ದರು. ಅಲ್ಲಿಗೆ ಮೂರು ಸಾವಿರ ಹೆಸರೂ 'ಶ' ಎಂಬ ಒಂದೇ ಗುಂಪು. ತಾತ್ಕಾಲಿಕದವಳಿಗೆ ಎಲ್ಲಿಯ ಶ್ರೀಮತಿ ಎಂದು ಅವಳೊಬ್ಬಳ ಹೆಸರನ್ನು ಹಾಗೇ ಬಿಟ್ಟಿದ್ದರು.

"ಸಾರ್, ಹೆಸರಿನ ಮುಂದಿನ ಶ್ರೀ ತೆಗೀಬೇಕು."

"ಬೋಳು ಹೆಸರಾ? ನೇಕಾರ್ರು ನನಗೆ ಉಗೀತಾರೆ."

"ಕಂಪ್ಯೂಟರ್ ಒಳಗೆ ಮಾತ್ರ ತೆಗೀತೀನಿ ಸಾರ್. ನೂಲಿನ ಚೀಟಿ ಅಚ್ಚಾಗುವಾಗ ಅದೇ ಸೇರಿಸ್ಕೊಳ್ಳೋ ಹಂಗೆ ಮಾಡ್ತೀನಿ. ಮರ್ಯಾದೆ ಎಲ್ಲೂ ಹೋಗಲ್ಲ."

ಉಗ್ರಪ್ಪ ಗೊಣಗುತ್ತಲೇ ಒಪ್ಪಿದರು. ಅರ್ಧ ಗಂಟೆ ಅವಳು ತಲೆ ಎತ್ತಲಿಲ್ಲ. ಆಮೇಲೆ ದುರುಗಕ್ಕನ ಹೆಸರು ಒತ್ತಿದರೆ, ಅಕ್ಕ ಬಾಯಿ ತೆರೆಯುವಷ್ಟರಲ್ಲಿ 'ಶ್ರೀಮತಿ ದುರುಗಕ್ಕ' ಎಂಬ ಚೀಟಿ ಕೈಗೆ ಬಂತು. ಊಟದ ಹೊತ್ತಿಗೆ ಸಾಲೇ ಇರಲಿಲ್ಲ. ಪುಷ್ಪಲತಾಳಿಗೆ ಹಿಗ್ಗೋ ಹಿಗ್ಗು.

ಉಗ್ರಪ್ಪನವರೂ ಉಬ್ಬಿದರು. "ಇನ್ಮೇಲೆ ನಿನ್ನ ಹೆಸರಿಗೂ ಮುಂದೆ ಶ್ರೀಮತಿ ಇರ್ಲಿ ಕಣಮ್ಮ. ನಾನೇ ಹೇಳ್ತಿದೀನಿ."

"ಹಿಂದಿರೋ ತಾತ್ಕಾಲಿಕ ತೆಗೀರಿ ಸಾರ್," ಎಂದಳು ಪುಷ್ಪಲತಾ. "ಮುಂದಿಂದು ನಾನು ನೋಡ್ಕೊಂತೀನಿ."

ಉಗ್ರಪ್ಪ ಕೆಮ್ಮಿದರು. ನೂಲು ಸಿಕ್ಕಿದ್ದರೂ ದುರುಗಕ್ಕ ಮನೆಗೆ ಹೊರಡಲಿಲ್ಲ. ಅಧ್ಯಕ್ಷರು ಪುಷ್ಪಲತಾಳ ಕೆಲಸ ಕಾಯಂ ಮಾಡಲು ಪೆನ್ನಿನ ಮುಚ್ಚಳ ತೆಗೆಯುವವರೆಗೆ ಬೆಂಚಿನ ಮೇಲೆ ಕೂತೇ ಇದ್ದಳು.