ನೋವು ಹೋಯಿತು, ಹರಳು ಹೋಗಲಿಲ್ಲ

ಕಾಶಿನಾಥ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಹದಿನೆಂಟು ವರ್ಷ ಕಲ್ಲು ಎಬ್ಬಿಸಿದವನು. ನೀರಿನ ಡ್ರಮ್ಮು ಗಣಿಯ ಮೇಲೆ, ಕೆಲಸ ಕೆಳಗೆ. "ಸಾರೆ ಸಾರೆ ಯಾರು ಹತ್ತಿ ಇಳೀಬೇಕು" ಅಂತ ಊಟದ ಹೊತ್ತಿಗೆ ಮಾತ್ರ ನೀರು ಕುಡಿಯುತ್ತಿದ್ದ.

ಒಂದು ದಿನ ಎಡಪಕ್ಕೆಯಲ್ಲಿ ಎದ್ದ ನೋವು ಅವನನ್ನು ನೆಲಕ್ಕೆ ಕೆಡವಿತು. ಮೂತ್ರ ಕೆಂಪಗಿತ್ತು. ಆಸ್ಪತ್ರೆಯಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿ, ನೀರು ಸಾಲದೆ ಹರಳಾಗಿರಬೇಕು, ಕಿಡ್ನಿ ಊದಿದೆ ಅಂದರು. ಹರಳು ಎಲ್ಲಿ ಸಿಕ್ಕಿದೆ ಅಂತ ನೋಡಲು, ನರಕ್ಕೆ ಔಷಧ ಕೊಟ್ಟು ಎಕ್ಸ್‌ರೇ ತೆಗೆಯಬೇಕೆಂದು ಚೀಟಿ ಬರೆದರು.

ಹೆಂಡತಿ ಅಮೃತಬಾಯಿಗೆ ಹೆದರಿಕೆ. "ಬ್ಯಾಡ್ರಿ. ಆ ಔಷಧದಿಂದನೇ ಕಿಡ್ನಿ ಹೋಗ್ತದಂತ."

ಆಶಾ ಕಾರ್ಯಕರ್ತೆ ಸ್ವರೂಪಾ ಮನೆಗೆ ಬಂದು ಕೂತಳು. "ಅಕ್ಕಾ, ಬರೇ ಎಕ್ಸ್‌ರೇದಾಗ ಎಲುಬು ಕಾಣ್ತಾವ, ಮೂತ್ರದ ದಾರಿ ಕಾಣಂಗಿಲ್ಲ. ಆ ಔಷಧ ರಕ್ತದಾಗ ಕೂಡಿ ಕಿಡ್ನಿಗಿ ಹೋಗ್ತದ, ಮೂತ್ರದ ಜೋಡಿ ಇಳೀತದ. ಇಳಿಯೋವಾಗ ಸ್ವಲ್ಪ ಸ್ವಲ್ಪ ಹೊತ್ತಿಗಿ ಫೋಟೋ ತೆಗೀತಾರ. ಔಷಧ ಎಲ್ಲಿ ನಿಂತದ, ಅಲ್ಲೇ ಹರಳು ಅಡ್ಡ ಅದ ಅಂತ ತಿಳೀತದ."

"ಕಿಡ್ನಿಗಿ ತ್ರಾಸ ಆದ್ರ?"

"ಅದಕ್ಕೇ ಮೊದಲು ರಕ್ತ ತಪಾಸಣಿ ಮಾಡ್ತಾರ. ಕಿಡ್ನಿ ಭಾಳ ಸೋತಿದ್ರ ಬ್ಯಾರೆ ದಾರಿ ನೋಡ್ತಾರ."

ಕಾಶಿನಾಥ ಅರೆಮನಸ್ಸಿನಿಂದ ಹೂಂ ಅಂದ. ಆದರೆ ನಾಲ್ಕನೇ ದಿನ ನೋವು ತಾನಾಗಿ ನಿಂತಿತು. "ಹರಳು ಬಿದ್ದು ಹೋತು ನೋಡ್ರಿ" ಅಂದಳು ಅಮೃತಬಾಯಿ. ಅವನು ಗಣಿಗೆ ಹೋದ. ಸ್ವರೂಪಾ ಮತ್ತೆ ಮತ್ತೆ ಬಂದಳು. ಮೂರನೇ ಸಲ ಅಮೃತಬಾಯಿ ಬಾಗಿಲಲ್ಲೇ ಸಿಡುಕಿದಳು: "ಆರಾಮ ಇದ್ದವರಿಗಿ ದವಾಖಾನಿ ಹಾದಿ ತೋರಿಸಬ್ಯಾಡ."

ಹದಿನಾಲ್ಕು ತಿಂಗಳಾದ ಮೇಲೆ ಕಾಶಿನಾಥನಿಗೆ ನಡುಕದ ಜ್ವರ ಬಂತು. ಹೈದರಾಬಾದಿಗೆ ಒಯ್ದರು. ಎಡ ಕಿಡ್ನಿ ತುಂಬ ಕೀವು, ಸೋಂಕು ರಕ್ತಕ್ಕೂ ಏರಿತ್ತು. "ಹರಳು ಬಿದ್ದಿರಲಿಲ್ಲಮ್ಮ. ದಾರಿ ಮುಚ್ಚಿಕೊಂಡು ಕಿಡ್ನಿ ಸದ್ದಿಲ್ಲದೆ ಸೋತಿತ್ತು" ಅಂದರು ಡಾಕ್ಟರು. ಮೂರನೇ ದಿನ ಕಾಶಿನಾಥ ತೀರಿಕೊಂಡ. ಅವನಿಗೆ ನಲವತ್ತೊಂದು ವರ್ಷ.

ಈ ಬೇಸಿಗೆಯಲ್ಲಿ ಅದೇ ಗಣಿಯಲ್ಲಿ ದುಡಿಯುವ ಕಾಶಿನಾಥನ ತಮ್ಮ ಧನರಾಜ ಬಲಪಕ್ಕೆ ಹಿಡಿದುಕೊಂಡು ಮನೆಗೆ ಬಂದ. "ಎರಡು ದಿನದಾಗ ಹೋಗ್ತದ ಬಿಡ್ರಿ ವೈನಿ" ಅಂದ ಅತ್ತಿಗೆಗೆ.

ಅಮೃತಬಾಯಿ ಅವನ ಮುಖ ನೋಡಿದಳು. "ನಿಮ್ಮಣ್ಣಂದೂ ಹೋಗಿತ್ತಪ್ಪ. ಫೋಟೋ ಬ್ಯಾಡ ಅಂದಾಕಿ ನಾನೇ." ಆ ಮಾತು ಅವಳ ಬಾಯಿಂದ ಹೊರಬಂದದ್ದು ಅದೇ ಮೊದಲು.

ಅವಳೇ ಸ್ವರೂಪಾಳ ಮನೆಗೆ ಹೋದಳು. ಹೊಸ್ತಿಲ ಹೊರಗೆ ನಿಂತು, "ಧನರಾಜಗೂ ಪಕ್ಕೆ ನೋವು ಎದ್ದದವ್ವ" ಅಂದಳು. ಸ್ವರೂಪಾ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟಳು.

ಕಾಶಿನಾಥನಿಗೆ ಚೀಟಿ ಬರೆದ ಆಸ್ಪತ್ರೆಯಲ್ಲೇ ರಕ್ತ ನೋಡಿದರು. ದಮ್ಮು ಇದೆಯೇ, ಯಾವುದಾದರೂ ಔಷಧ ಮೈಗೆ ಒಗ್ಗುವುದಿಲ್ಲವೇ, ಸಕ್ಕರೆ ಕಾಯಿಲೆಯ ಗುಳಿಗೆ ತಿನ್ನುತ್ತೀರಾ ಅಂತ ಕೇಳಿದರು. ಆಮೇಲೆ ಸೂಜಿ ಹಾಕಿದರು. "ಮೈ ಒಮ್ಮೆ ಬಿಸಿ ಆತು, ಬಾಯಾಗ ಒಂಥರಾ ರುಚಿ ಬಂತು. ಅಷ್ಟೇ ವೈನಿ" ಅಂದ ಧನರಾಜ.

ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದರು. ಎಡಗಡೆ ಔಷಧದ ಬಿಳಿ ಎಳೆಯೊಂದು ಕೆಳಗಿನವರೆಗೂ ಇಳಿದಿತ್ತು. ಬಲಗಡೆಯದು ನಡುವೆಯೇ ನಿಂತಿತ್ತು. "ಇಲ್ಲಿ ಸಿಕ್ಕಿಕೊಂಡಿದೆ. ಕಿಡ್ನಿ ಇನ್ನೂ ಚೆನ್ನಾಗಿದೆ, ಹರಳು ತೆಗೆದರೆ ಉಳಿಯುತ್ತದೆ."

"ನಮ್ಮನಿಯವರದೂ ಅವತ್ತು ಹಿಂಗೇ ಕಾಣ್ತಿತ್ತೇನ್ರಿ?" ಅಮೃತಬಾಯಿ ಕೇಳಿದಳು.

ಡಾಕ್ಟರು ಫೋಟೋ ಕೆಳಗಿಟ್ಟರು. "ಕಾಣುತ್ತಿತ್ತಮ್ಮ."

ಅವಳು ಹೊರಗಿನ ಬೆಂಚಿನ ಮೇಲೆ ಕೂತು, ಗಂಡ ಸತ್ತ ದಿನವೂ ಅಳದಷ್ಟು ಅತ್ತಳು. ಸ್ವರೂಪಾ ಅವಳ ಕೈ ಹಿಡಿದುಕೊಂಡು ಕೂತಿದ್ದಳು. ವಾರದೊಳಗೆ ಧನರಾಜನ ಹರಳು ತೆಗೆದರು. ಅವನ ಕಿಡ್ನಿ ಉಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ನೋವು ನಿಂತಿತು ಅಂದರೆ ಹರಳು ಹೋಯಿತು ಅಂತಲ್ಲ. ಡಾಕ್ಟರು ಔಷಧ ಕೊಟ್ಟು ಎಕ್ಸ್‌ರೇ ತೆಗೆಯಬೇಕೆಂದರೂ, ಈಗ ಹೆಚ್ಚಾಗಿ ಮಾಡುವ ಸಿಟಿ ಸ್ಕ್ಯಾನ್ ಬರೆದರೂ, ಮುಂದಕ್ಕೆ ಹಾಕಬೇಡಿ. ಹೆದರಿಕೆ ಇದ್ದರೆ ಅವರನ್ನೇ ಕೇಳಿ. ಬಸುರಿಯಾಗಿದ್ದರೆ, ಒಗ್ಗದ ಔಷಧವಿದ್ದರೆ ಮೊದಲೇ ಹೇಳಿ. ಪಕ್ಕೆ ನೋವಿನ ಜೊತೆ ಜ್ವರ ಬಂದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಯಲ್ಲೂ ಒಂದು ಚೀಟಿ ಹಾಗೇ ಬಿದ್ದಿದ್ದರೆ, ಇವತ್ತೇ ತೆಗೆದುಕೊಂಡು ಹೊರಡಿ.